ಪರದೆ ಎದ್ದ ಮೇಲೆ

ತಿರುವಲ್ಲಿಕ್ಕೇಣಿಯ ನಮ್ಮ ವಠಾರದ ಹಿಂದಿನ ಕೋಣೆಯಲ್ಲಿ ಮುದುಕರೊಬ್ಬರಿದ್ದರು. ಹುಬ್ಬಳ್ಳಿ ಕಡೆಯ ನಾಟಕ ಕಂಪನಿಯಲ್ಲಿ ರಾಣಿಯ ಪಾತ್ರ ಮಾಡಿದವರು. ಸಿನಿಮಾದ ಹೊಡೆತಕ್ಕೆ ಕಂಪನಿ ಮದರಾಸಿನಲ್ಲೇ ಮುಳುಗಿದಾಗ ಇಲ್ಲೇ ಉಳಿದುಬಿಟ್ಟರಂತೆ. ನಲ್ಲಿ ನೀರಿಗೆ ಬರುವಾಗಲೂ ಮುಖಕ್ಕೆ ಪೌಡರ್ ಹಚ್ಚಿ, ಹೆಗಲ ಟವೆಲಿನ ಅಂಚನ್ನು ಸೆರಗಿನಂತೆ ಎರಡು ಬೆರಳಲ್ಲಿ ಹಿಡಿದಿರುತ್ತಿದ್ದರು. ಊಟ ಆಯಿತೇ ಎಂದು ಕೇಳಿದರೆ ಒಂದೇ ಉತ್ತರ: “ಪರದೆ ಎದ್ದ ಮ್ಯಾಲ ಹಸಿವಿ ಕಾಣಬಾರದ್ರಿ.”

ಕಷ್ಟದಲ್ಲಿರುವ ಕಲಾವಿದರಿಗೆ ಕಲಾ ಮಂಡಳಿ ಮಾಸಾಶನ ಕೊಡುತ್ತದೆಂದು ತಿಳಿದು ಅಪ್ಪ ಅವರ ಪರವಾಗಿ ಅರ್ಜಿ ಹಾಕಿದರು. ಪರಿಸ್ಥಿತಿ ನೋಡಲು ಅಧಿಕಾರಿ ಬರುವ ಬೆಳಿಗ್ಗೆ ಮುದುಕರು ನಮ್ಮ ಮನೆಯ ಕುರ್ಚಿಗಳನ್ನೂ ಬೆಳ್ಳಿ ಲೋಟವನ್ನೂ ಕೇಳಿ ಒಯ್ದರು.

“ಬೇಡ, ಇರೋ ಹಾಗೇ ಇದ್ದುಬಿಡಿ,” ಎಂದು ಅಮ್ಮ ಬೇಡಿಕೊಂಡಳು. ಅವರು ಕೇಳಲಿಲ್ಲ. ಜರಿ ಶಾಲು ಹೊದ್ದು, ಅಧಿಕಾರಿಯನ್ನು ಕುರ್ಚಿಯಲ್ಲಿ ಕೂರಿಸಿ, ಅಮ್ಮ ಮಾಡಿದ ಕಾಫಿಯನ್ನು ಬೆಳ್ಳಿ ಲೋಟದಲ್ಲಿ ಕೊಟ್ಟು, ನಗುನಗುತ್ತ ಕಂಪನಿಯ ಕಥೆ ಹೇಳಿದರು. ಅಧಿಕಾರಿ ಬಹಳ ಸಂತೋಷಪಟ್ಟು ಹೋದರು. ಇವರಿಗೆ ನೆರವಿನ ಅಗತ್ಯವಿಲ್ಲವೆಂದು ಮಂಡಳಿ ತಿಳಿಸಿತು.

ಮುಂದಿನ ಬೇಸಿಗೆಯಲ್ಲಿ ಮುದುಕರು ತೀರಿಕೊಂಡರು. ಮಂಡಳಿಯ ಗುಲಾಬಿ ಹಾರ ಹಿಡಿದು ಅದೇ ಅಧಿಕಾರಿ ಬಂದರು. ಕೋಣೆಯಲ್ಲಿದ್ದದ್ದು ಒಂದು ಚಾಪೆ, ಅದರ ಮೇಲೆ ಪೌಡರಿಲ್ಲದ ಮುಖ. ಅಧಿಕಾರಿ ಸುತ್ತ ಕಣ್ಣಾಡಿಸಿ, ಆ ಕುರ್ಚಿಗಳನ್ನೆಲ್ಲ ಮಾರಿಬಿಟ್ಟರೇ ಎಂದು ತಮಿಳಿನಲ್ಲಿ ಕೇಳಿದರು.

ದಿನವೆಲ್ಲ ತಮಿಳಾಡುವ ಅಮ್ಮನಿಗೆ ಆಗ ಬಾಯಿಗೆ ಬಂದದ್ದು ಕನ್ನಡ.

“ಅವು ನಮ್ಮನೇವು,” ಎಂದಳು.