ಇಪ್ಪತ್ತೆರಡು ಕೆ.ಜಿ. ನಾನೂರು ಗ್ರಾಂ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ ನಾನು ಕೊಳ್ಳೇಗಾಲದಲ್ಲಿ ಅಬಕಾರಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ತಿಂಗಳ ಸಭೆಯಲ್ಲಿ ಯಾವ ಅಂಗಡಿ ಎಷ್ಟು ಪೆಟ್ಟಿಗೆ ಮದ್ಯ ಎತ್ತಿತು, ಯಾಕೆ ಕಡಿಮೆಯಾಯಿತು ಎಂದು ಉತ್ತರ ಕೊಡಬೇಕಿತ್ತು. ಸಭೆ ಮುಗಿಸಿ ಜೀಪು ಹತ್ತಿ ಹನೂರು ಕಡೆಯ ಹೊಲಗಳಲ್ಲಿ ಗಾಂಜಾ ಗಿಡ ಹುಡುಕಬೇಕಿತ್ತು. ಒಂದು ಅಮಲು ಮಾರಾಟವಾಗದಿದ್ದರೆ ಬೈಗುಳ, ಇನ್ನೊಂದು ಮಾರಾಟವಾದರೆ ಬೈಗುಳ. ಆಗ ನಾನು ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ.

ದೀಪಾವಳಿಗೆ ಮುಂಚಿನ ವಾರ, ಮಳೆ ಬಿಟ್ಟ ಒಂದು ಬೆಳಿಗ್ಗೆ ಅಜ್ಜೀಪುರದ ಆಚೆ ಒಂದು ಜೋಳದ ಹೊಲಕ್ಕೆ ಹೋದೆವು. ಸಾಲುಗಳ ನಡುವೆ ಹನ್ನೊಂದು ಗಾಂಜಾ ಗಿಡಗಳು ಆಳೆತ್ತರ ಬೆಳೆದಿದ್ದವು. ಹೊಲದ ಯಜಮಾನ ಜಡೆಮಾದಪ್ಪ, ಅರವತ್ತು ದಾಟಿದವನು, ಕುಡುಗೋಲು ಹಿಡಿದು ಅಲ್ಲೇ ನಿಂತಿದ್ದ. ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ತಾನು ಸೇದುವುದುಂಟು, ಬೆಟ್ಟಕ್ಕೆ ನಡೆದು ಹೋಗುವ ಸಾಧುಗಳು ಕೇಳಿದರೆ ಕೊಡುವುದುಂಟು, ಮಿಕ್ಕಿದ್ದನ್ನು ಮಾರುವುದೂ ಉಂಟು ಎಂದ.

ಗಿಡಗಳನ್ನು ಬುಡಸಮೇತ ಕಿತ್ತೆವು. ಊರಿನ ಜೋಳದ ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದೆವು. ಬೇರುಗಳಿಗೆ ಹಸಿ ಮಣ್ಣು ಹೆಂಟೆ ಹೆಂಟೆಯಾಗಿ ಅಂಟಿತ್ತು, ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮ ಕಾನ್‌ಸ್ಟೇಬಲ್ ನಾಗರಾಜು ಮೆಲ್ಲಗೆ ಹೇಳಿದ:

"ಬೇರು ಕುಯ್ದು ತೂಗುವಾ ಸಾ. ಮಣ್ಣೇ ಮೂರ್ ಕೇಜಿ ಬತ್ತದೆ."

ಸಿಕ್ಕ ಹಾಗೆಯೇ ತೂಗು ಎಂದೆ. ಗಿಡ ಮುರಿದರೆ ಬೇರೆಲ್ಲಿಂದಲೋ ತಂದಿಟ್ಟಿರಿ ಎಂದು ವಕೀಲರು ಹಿಡಿಯುತ್ತಾರೆ, ಅದಕ್ಕೇ ಬುಡಸಮೇತ ತೂಗುವ ರೂಢಿ ನನ್ನದು. ಇದು ಅರ್ಧ ನಿಜ. ಉಳಿದರ್ಧ ಹೇಳಿಬಿಡುತ್ತೇನೆ. ಕಾನೂನಿನಲ್ಲಿ ಗಾಂಜಾ ಎಂದರೆ ಗಿಡದ ಹೂವು ಕಾಯಿ ಕಟ್ಟಿದ ತುದಿ, ಬೇರೂ ಅಲ್ಲ, ಮಣ್ಣೂ ಅಲ್ಲ. ಅದು ಇಪ್ಪತ್ತು ಕೆ.ಜಿ. ದಾಟಿದರೆ ಕಮರ್ಷಿಯಲ್ ಕ್ವಾಂಟಿಟಿ, ಅಂದರೆ ವ್ಯಾಪಾರದ ಪ್ರಮಾಣ. ಜಾಮೀನು ಸಿಗುವುದು ಬಲು ಕಷ್ಟ, ಹಿಡಿದವನಿಗೆ ಮಾತ್ರ ಹೆಸರು. ತಕ್ಕಡಿ ಇಪ್ಪತ್ತೆರಡು ಕೆ.ಜಿ. ನಾನೂರು ಗ್ರಾಂ ತೋರಿಸಿತು. ಮಹಜರಿನಲ್ಲಿ ಹಾಗೇ ಬರೆದೆ, ಪಂಚರು ಸಹಿ ಹಾಕಿದರು.

ಜೀಪು ಹತ್ತುವಾಗ ಜಡೆಮಾದಪ್ಪ ನನ್ನ ಕೈ ಹಿಡಿದುಕೊಂಡ.

"ಮನೇಲಿ ಎಂಡ್ರಿಗೆ ಲಕ್ವ ಒಡ್ದದೆ ಸಾ. ನಾನು ತುತ್ತು ಇಟ್ರೇನೇ ತಿನ್ನೋದು. ಸಂಜೆಗೆ ಬುಟ್ಬುಡಿ."

ಎಲ್ಲರೂ ಹೀಗೇ ಹೇಳುತ್ತಾರೆ ಅಂದುಕೊಂಡೆ. ಮುಳ್ಳೂರಿಗೆ ಕೊಟ್ಟಿದ್ದ ಮಗಳು ಶಿವಮ್ಮ ತಾಯಿಯನ್ನು ತನ್ನ ಮನೆಗೆ ಕರೆದೊಯ್ದಳು. ಎರಡು ಸಲ ಜಾಮೀನು ಅರ್ಜಿ ಹಾಕಿಸಿದಳು. ಎರಡು ಸಲವೂ ನನ್ನ ತೂಕ ನೋಡಿ ತಿರಸ್ಕಾರವಾಯಿತು. ಆಮೇಲೆ ಆಕೆ ವಾರಕ್ಕೊಮ್ಮೆ ಬಸ್ಸು ಹತ್ತಿ ನನ್ನ ಕಚೇರಿಗೆ ಬರತೊಡಗಿದಳು. ಇನ್ನೊಂದು ಸಲ ತೂಗಿಸಿ ಎನ್ನುವುದೊಂದೇ ಬೇಡಿಕೆ. ಮ್ಯಾಜಿಸ್ಟ್ರೇಟರ ಎದುರು ಮಾಲನ್ನು ತೂಗಿಸಿ ದೃಢೀಕರಿಸಲು ಅರ್ಜಿ ಹಾಕಬೇಕಾದವನು ನಾನೇ. ಒಂದು ಹಾಳೆಯ ಕೆಲಸ. ಗೋದಾಮಿನಲ್ಲಿ ಗಿಡ ತುಂಬಿಟ್ಟ ಮೂಟೆ ಒಣಗಿ ಹಗುರಾಗುತ್ತಿರುವುದು ಗೊತ್ತಿತ್ತು. ತೂಗಿದರೆ ನನ್ನ ಮಹಜರು ನಗೆಪಾಟಲಾಗುತ್ತದೆಂದು ಮುಂದಿನ ವಾರ, ಮುಂದಿನ ವಾರ ಎಂದು ನಾಲ್ಕು ತಿಂಗಳು ತಳ್ಳಿದೆ.

ಕೊನೆಯ ಸಲ ಬಂದಾಗ ಶಿವಮ್ಮ ಅಳಲಿಲ್ಲ, ಕುರ್ಚಿಯಲ್ಲೂ ಕೂರಲಿಲ್ಲ.

"ಅವ್ವ ಅನ್ನ ಬುಟ್ಟು ಐದ್ ದಿನ ಆಯ್ತು. ನಾನು ಇಟ್ರೆ ಬಾಯಿ ಬಿಗಿ ಇಡಿತಾಳೆ. ನೀವಾರ ಬಂದು, ನಿನ್ನ ಗಂಡ ಬತ್ತಾನೆ ಅಂತ ಒಂದ್ ಮಾತು ಏಳಿ ಸಾ. ದೊಡ್ಡೋರು ಏಳುದ್ರೆ ನಂಬ್ತಾಳೆ."

ನಾನು ಹೋಗಲಿಲ್ಲ. ಹೋಗಿ ಹೇಳಲು ಬಾಯಿ ಬರುವಂತಿರಲಿಲ್ಲ. ಮರುದಿನ ಮಾತ್ರ ಅರ್ಜಿ ಹಾಕಿದೆ. ಒಂಬತ್ತನೆಯ ದಿನಕ್ಕೆ ತಾರೀಕು ಸಿಕ್ಕಿತು. ಏಳನೆಯ ದಿನ ಮುಳ್ಳೂರಿನಲ್ಲಿ ಆ ತಾಯಿ ತೀರಿಕೊಂಡಳೆಂದು ನಾಗರಾಜು ಬಂದು ಹೇಳಿದ.

ಮೂಟೆಯ ಸೀಲು ಒಡೆದಾಗ ಬೇರುಗಳ ಮಣ್ಣು ಪುಡಿಯಾಗಿ ತಳದಲ್ಲಿ ಕೂತಿತ್ತು. ಕಾನೂನು ಹೇಳುವ ತುದಿಗಳನ್ನು ಬೇರ್ಪಡಿಸಿ ತೂಗಿದರು: ಮೂರು ಕೆ.ಜಿ. ನೂರು ಗ್ರಾಂ. ಉಳಿದದ್ದೆಲ್ಲಿ ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ನೀರು, ಕಾಂಡ, ಮಣ್ಣು ಸ್ವಾಮಿ, ಗೊತ್ತಿದ್ದೂ ತೂಗಿದ್ದೆ ಎಂದೆ. ನನ್ನ ಇಡೀ ಸೇವೆಯಲ್ಲಿ ನ್ಯಾಯಾಲಯಕ್ಕೆ ನಾನು ಹೇಳಿದ ಅತ್ಯಂತ ಚಿಕ್ಕ ಸತ್ಯ ಅದು, ತಡವಾಗಿ ಹೇಳಿದ್ದು. ಮುಂದಿನ ವಾರ ಜಾಮೀನಾಯಿತು. ನನಗೆ ಒಂದು ಇನ್‌ಕ್ರಿಮೆಂಟ್ ಹೋಯಿತು. ಹೋದದ್ದೇ ಒಳ್ಳೆಯದಾಯಿತು.

ಬಿಡುಗಡೆಯಾದ ಮೂರನೆಯ ದಿನ ಜಡೆಮಾದಪ್ಪ ಕಚೇರಿಗೆ ಬಂದ. ತಲೆ ಬೋಳಿಸಿದ್ದ. ಜಗಳಕ್ಕೆ ಬಂದನೆಂದು ನಾಗರಾಜು ಎದ್ದು ನಿಂತ. ಆತ ಎಷ್ಟು ತೂಗಿತಂತೆ ಎಂದಷ್ಟೇ ಕೇಳಿದ. ಹೇಳಿದೆ.

"ಅವತ್ತೇ ಒಂದ್ಕಿತ ಮಣ್ಣ ಕೊಡವಿದ್ರೆ ಆಗೋದಲ್ಲಾ ಸಾ," ಎಂದು ಹೊರಟುಹೋದ.

ಗಾಂಜಾವನ್ನೂ ಮದ್ಯದಂತೆ ಕಾನೂನಿಗೆ ತಂದು ತೆರಿಗೆ ಹಾಕಬಾರದೇಕೆ ಎಂದು ಟಿ.ವಿ. ಚರ್ಚೆ ನೋಡಿದ ಗೆಳೆಯರು ಈಗ ನನ್ನನ್ನು ಕೇಳುತ್ತಾರೆ. ಗಾಂಜಾ ಸೇದಿ ಬುದ್ಧಿ ಕಲಕಿದ ಮಗನನ್ನು ಕಂಬಕ್ಕೆ ಕಟ್ಟಿಹಾಕಿದ ತಾಯಿಯನ್ನು ಯಳಂದೂರಿನಲ್ಲಿ ನೋಡಿದ್ದೇನೆ. ತೆರಿಗೆ ಕಟ್ಟಿದ ಮದ್ಯ ಕುಡಿದೇ ಹಾಳಾದ ಮನೆಗಳನ್ನು ಮೂರು ತಾಲ್ಲೂಕಿನಲ್ಲೂ ನೋಡಿದ್ದೇನೆ. ಇದೇ ಸರಿ ಎಂದು ಎದೆ ತಟ್ಟಿ ಹೇಳುವಷ್ಟು ನನಗೆ ತಿಳಿದಿಲ್ಲ. ಕೆಲಸ ಕಲಿಸಿದ್ದು ಇಷ್ಟೇ: ನಿಷೇಧವಿರಲಿ, ತೆರಿಗೆ ಇರಲಿ, ಕೊನೆಗೆ ಯಾವುದೋ ಹೊಲದಲ್ಲಿ ಒಬ್ಬ ತಕ್ಕಡಿ ಹಿಡಿದು ನಿಂತಿರುತ್ತಾನೆ. ಅವನು ಮೊದಲು ಮಣ್ಣು ಕೊಡವಬೇಕು. ನಾನು ಕೊಡವಲಿಲ್ಲ.