ಎದುರಾಳಿಯ ಮೊಣಕೈ

ನನ್ನ ಬೆನ್ನು ಹತ್ತಲು ಸರಕಾರ ಒಬ್ಬ ಗುಪ್ತಚರನನ್ನು ನೇಮಿಸಿದೆ ಎಂದು ನಾನು ಪೂರಾ ಎರಡು ವಾರ ನಂಬಿದ್ದೆ. ಅಂಥ ಘನಕಾರ್ಯವನ್ನೇನೂ ನಾನು ಮಾಡಿರಲಿಲ್ಲ. ಪುಣೆಯ ಘೋರಪಡಿ ರೈಲ್ವೆ ಮಾಲುಗೋದಾಮಿನಲ್ಲಿ ಪರರ ಪೆಟ್ಟಿಗೆಗಳ ಮೇಲೆ ನಾನು ಎಂದೂ ಕಾಣದ ಊರುಗಳ ಹೆಸರು ಬರೆಯುವ ಗುಮಾಸ್ತ ನಾನು. ಒಂದು ಸಂಜೆ ಶನಿವಾರವಾಡೆಯ ಮುಂದೆ ಯಾರದೋ ದೇಶಭಕ್ತಿಯ ಭಾಷಣಕ್ಕೆ ನಿಂತಿದ್ದೆ, ಅದೂ ಕೈಯಲ್ಲಿದ್ದ ಶೇಂಗಾ ಮುಗಿಯುವವರೆಗೆ ಮಾತ್ರ.

ಮುಂದಿನ ರವಿವಾರ ಖಡಕಿಯ ಮೈದಾನಕ್ಕೆ ಪುಕ್ಕಟೆ ಫುಟ್‌ಬಾಲ್ ನೋಡಲು ಹೋದೆ. ಅಲ್ಲಿ ಕರಿ ಕೋಟು, ಕಚ್ಚೆ ಧೋತರದ ಒಬ್ಬ ನಡುವಯಸ್ಸಿನ ಮನುಷ್ಯ, ಕೊರಳಿಗೆ ಗಡಿಯಾರ ನೇತುಹಾಕಿಕೊಂಡು, ನನ್ನ ಕಡೆಗೇ ನೋಡುತ್ತ ಚಿಕ್ಕ ವಹಿಯಲ್ಲಿ ಏನೋ ಗೀಚಿಕೊಂಡ. ನಾನು ಜಾಗ ಬದಲಿಸಿದೆ. ಅವನೂ ನೋಟ ತಿರುಗಿಸಿ ಮತ್ತೆ ಗೀಚಿದ. ಅದರ ಮುಂದಿನ ರವಿವಾರವೂ ಅದೇ ಕಥೆ. ಖಾನಾವಳಿಗೆ ಮರಳಿ ಅವ್ವನಿಗೆ ಜೈಲಿನಿಂದ ಬರೆಯಬೇಕಾದ ಪತ್ರವನ್ನು ಮೊದಲೇ ಬರೆದಿಟ್ಟೆ. ಪತ್ರ ಬಲು ಚೆನ್ನಾಗಿ ಬಂದಿತ್ತು. ಓದಿಕೊಂಡು ನಾನೇ ಅತ್ತೆ. ಮೂರನೆಯ ರವಿವಾರ, ಹುತಾತ್ಮನಾಗುವುದಾದರೆ ಬೇಗ ಆಗಿಬಿಡೋಣ ಎಂದು ನೇರವಾಗಿ ಅವನ ಮುಂದೆ ಹೋಗಿ ನಿಂತೆ.

"ನಾ ಒಂದ ಭಾಷಣ ಕೇಳೀನ್ರಿ, ಅದೂ ಅರ್ಧಾ," ಎಂದೆ.

"ಸ್ವಲ್ಪ ಸರದ ನಿಲ್ರಿ," ಎಂದ ಆ ಮನುಷ್ಯ. "ಮೈದಾನದ ಮೂಲಿ ಬಾವುಟ ಕಾಣವಲ್ದು. ಮೂರು ವಾರ ಆತು, ಎಲ್ಲಿ ನೋಡಬೇಕಂತೀನಿ ಅಲ್ಲೇ ಬಂದು ಅಡ್ಡ ನಿಲ್ತೀರಲ್ಲ!"

ಹೀಗೆ ನನಗೆ ಈರಬಸಪ್ಪನವರ ಪರಿಚಯವಾಯಿತು. ಇದು ೧೯೩೭ರ ಮಳೆಗಾಲದ ಮಾತು.

ಬೈಲಹೊಂಗಲದ ಕಡೆಯ ಈ ಈರಬಸಪ್ಪನವರು ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ಎಡವಿ, ಹತ್ತೊಂಬತ್ತನೆಯ ವಯಸ್ಸಿಗೆ ಪುಣೆಗೆ ಬಂದವರು. ಮುಠಾ ನದಿಯಾಚೆಯ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕರು. ಲೋಲಕ ತೂಗಾಡಿಸುವುದು, ಹುಡುಗರು ಒಡೆದ ಗಾಜು ಗುಡಿಸುವುದು, ಯಾವ ಅಳತೆಯನ್ನೂ ಮೂರು ಸಲ ನೋಡದೆ ಬರೆಯಬೇಡಿರೆಂದು ಗದರುವುದು, ಇಷ್ಟು ಅವರ ಕೆಲಸ. ಚೆಂಡನ್ನು ಒದ್ದವರಲ್ಲ. ಆದರೆ ಒಂಬತ್ತು ವರ್ಷದ ಹಿಂದೆ ಕಾಲೇಜಿನ ತಂಡ ಸೋತು ಮೈದಾನದಲ್ಲಿ ಕುಕ್ಕರಿಸಿದ್ದಾಗ, ತಂಡವನ್ನು ಪಳಗಿಸುತ್ತಿದ್ದ ಗಣಿತದ ಪ್ರೊಫೆಸರ್ ಅಪ್ಪಾಸಾಹೇಬರ ಹತ್ತಿರ ಹೋಗಿ, "ಅವರ ಗೋಲ್ ಕಾಯೋ ಗೋಲಿ ಎಡಕ್ಕ ಬೀಳಾಕ ಹೆದರತಾನ್ರಿ. ನಮ್ಮ ಹುಡುಗರು ಎಲ್ಲಾ ಬಲಕ್ಕ ಹೊಡದ್ರು," ಎಂದುಬಿಟ್ಟರು.

ಅಪ್ಪಾಸಾಹೇಬರು ಮೀಸೆ ತಿರುವಿದರು. "ಇದನ್ನ ಮೊದಲ ಹೇಳಬೇಕಿತ್ತಲ್ಲೋ, ಮಹಾರಾಯಾ! ಮುಂದಿನ ಸಲ ನಮ್ಮ ಮ್ಯಾಚ್ ಬಿಡು. ನಾವು ಆಮ್ಯಾಲೆ ಯಾರ ಜೋಡಿ ಆಡಬೇಕೋ ಅವರ ಆಟ ನೋಡಿ ಬಾ."

ಆ ಒಂದು ಮಾತು ಈರಬಸಪ್ಪನವರ ಒಂಬತ್ತು ವರ್ಷ ತಿಂದಿತು. ಅಂತರ ಕಾಲೇಜು ಕಪ್ಪಿನ ಒಂದೊಂದು ಸುತ್ತಿನಲ್ಲಿ ಎರಡೆರಡು ಪಂದ್ಯ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ಒಂದು ಊರ ಮೈದಾನದಲ್ಲಿ, ಇನ್ನೊಂದು ಖಡಕಿಯಲ್ಲಿ. ತಮ್ಮ ಹುಡುಗರು ಇಲ್ಲಿ ಆಡುವಾಗ ಈರಬಸಪ್ಪನವರು ಅಲ್ಲಿರುತ್ತಿದ್ದರು, ಗೆದ್ದರೆ ಮುಂದೆ ಎದುರಾಗುವವರನ್ನು ನೋಡುತ್ತ. ಮರುದಿನ ಪ್ರಯೋಗಶಾಲೆಯ ಮೇಜಿನ ಮೇಲೆ ಹುಣಸೆ ಬೀಜ ಹರವುವರು. ಚೌಕಾಬಾರಕ್ಕೆ ತಿಕ್ಕಿದ ಹಾಗೆ ಒಂದು ಮಗ್ಗುಲು ಬೆಳ್ಳಗೆ ತಿಕ್ಕಿದ ಹನ್ನೊಂದು ಬೀಜ ನಮ್ಮವರು, ತಿಕ್ಕದ ಹನ್ನೊಂದು ಎದುರಾಳಿಗಳು. "ಇವಾ ಬಲಕ್ಕ ಸರದ್ರ ಇಲ್ಲಿ ಬಾಗಿಲ ತೆರೀತೈತಿ. ನೀ ಓಡಬ್ಯಾಡ, ನಿಲ್ಲು. ಚೆಂಡು ಓಡಲಿ." ಹುಡುಗರು ಬಾಗಿ ನೋಡುವರು. ಅಪ್ಪಾಸಾಹೇಬರು ಹಿಂದೆ ನಿಂತು, ಎಲ್ಲ ತಮಗೆ ಮೊದಲೇ ತಿಳಿದಿದ್ದಂತೆ ತಲೆಯಾಡಿಸುವರು.

ಈರಬಸಪ್ಪನವರ ಹೆಂಡತಿ ಚನ್ನಬಸವ್ವ, ನಾನು ಅವರ ಮನೆಗೆ ಹೋದ ಮೊದಲ ದಿನವೇ ನನ್ನೆದುರು ಅವರ ಮಾನ ಹರಾಜಿಗಿಟ್ಟಳು. "ನಮ್ಮನಿ ಸಾರಿಗೆ ಹುಣಸಿಹಣ್ಣು ಯಾಕ ಜಾಸ್ತಿ ಗೊತ್ತೈತೇನ್ರಿ? ಇವರಿಗೆ ಬೀಜ ಬೇಕು. ಒಂಬತ್ತು ವರ್ಷ ಮಂದಿ ಆಟ ನೋಡ್ಯಾರ. ತಮ್ಮವರು ಹೊಡದ ಒಂದ ಗೋಲ್ ಕಣ್ಣೀಲೆ ನೋಡಿಲ್ಲ. ಮದವಿ ಗೊತ್ತು ಮಾಡಿ ಲಗ್ನದ ದಿನ ಬ್ಯಾರೆ ಊರಿಗೆ ಹೋದಂಗ."

"ಪ್ರ್ಯಾಕ್ಟೀಸಿನಾಗ ನೋಡೀನಲ್ಲ," ಎಂದರು ಈರಬಸಪ್ಪನವರು, ತಲೆ ಎತ್ತದೆ.

"ಅದು ಗೋಲ್ ಏನ್ರಿ?"

ಈರಬಸಪ್ಪನವರು ಬೀಜವೊಂದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮುಂದೆ ದೂಡಿ, ಅದು ಹೋಗಿ ನಿಂತ ಜಾಗವನ್ನೇ ಬಹಳ ಹೊತ್ತು ನೋಡುತ್ತ ಕುಳಿತರು.

ಮುಂದೆ ಪ್ರತಿ ರವಿವಾರ ನಾನು ಅವರ ಛತ್ರಿ ಹಿಡಿಯುವ ಹುದ್ದೆಗೆ ಏರಿದೆ. ಗೋದಾಮಿನಲ್ಲಿ ಆರು ವರ್ಷದಲ್ಲಿ ಸಿಗದ ಬಡ್ತಿ ಇಲ್ಲಿ ಆರು ದಿನಗಳಲ್ಲಿ ಸಿಕ್ಕಿತು. ಆಟ ಮುಗಿದ ಕೂಡಲೇ ನಾವು ಮುಠಾ ನದಿಯ ಸೇತುವೆ ಲಕಡಿ ಪುಲ್ಲಿಗೆ ಬಂದು ಕಟ್ಟೆಗೆ ಒರಗಿ ನಿಲ್ಲುತ್ತಿದ್ದೆವು. ನಮ್ಮ ಹುಡುಗರು ಸಾಯಕಲ್ ಮೇಲೆ ಆ ದಾರಿಯಲ್ಲೇ ಮರಳುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಸೋತ ದಿನ ಸಾಯಕಲ್ ದೂಡಿಕೊಂಡು ನಡೆದು ಬರುತ್ತಿದ್ದರಂತೆ. ಗೆದ್ದಿದ್ದರೆ ಸೇತುವೆಯ ಆ ತುದಿಯಿಂದಲೇ ಗಂಟೆ ಬಾರಿಸುವರು. ಈರಬಸಪ್ಪನವರು ನದಿಯ ಕಡೆ ಮುಖ ಮಾಡಿ, ಕಿವಿಯನ್ನು ಮಾತ್ರ ರಸ್ತೆಗೆ ಕೊಟ್ಟು ನಿಲ್ಲುವರು. ಹುಡುಗರು ಸುತ್ತುವರಿದಾಗ ಒಬ್ಬೊಬ್ಬರನ್ನೂ ಹಿಡಿದು ಕೇಳುವರು: ಚೆಂಡು ನೆಲಕ್ಕೆ ಹತ್ತಿ ಹೋಯಿತೋ, ಎದೆಮಟ್ಟ ಹೋಯಿತೋ? ಬಲೆ ಎಷ್ಟು ಹಿಂದಕ್ಕೆ ಉಬ್ಬಿತು? ಗೋಲಿ ಬಿದ್ದನೋ, ನಿಂತಲ್ಲೇ ನಿಂತನೋ? ಹುಡುಗರಿಗೆ ಅದೆಲ್ಲ ನೆನಪಿರುತ್ತಿರಲಿಲ್ಲ. "ಹೋತ್ರಿ ಒಳಗ, ಅಷ್ಟ!" ಎಂದು ಚಹಾಕ್ಕೆ ಓಡುತ್ತಿದ್ದರು.

ಆ ವರ್ಷ ಸೆಮಿಫೈನಲ್ಲಿನ ದಿನ ಸೇತುವೆಯ ಮೇಲೆ ಗಂಟೆಗಳು ಎಷ್ಟು ಮೊಳಗಿದವೆಂದರೆ ಟಾಂಗಾದ ಕುದುರೆಯೊಂದು ಹಿಂದಕ್ಕೆ ತಿರುಗಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಫೈನಲ್! ಈರಬಸಪ್ಪನವರು ನದಿಯಿಂದ ರಸ್ತೆಯ ಕಡೆ ತಿರುಗಿದರು. ಆಮೇಲೆ ನನ್ನ ತೋಳು ಹಿಡಿದು, "ಮಧುಕರ, ಫೈನಲ್ ಆದಮ್ಯಾಲೆ ಮುಂದಿನ ಮ್ಯಾಚ್ ಇರೂದಿಲ್ಲ, ಅಲ್ಲ?" ಎಂದರು.

"ಇರೂದಿಲ್ರಿ."

"ಅಂದ್ರ ನೋಡಾಕ ಬ್ಯಾರೆ ಯಾರೂ ಇಲ್ಲ."

"ಯಾರೂ ಇಲ್ರಿ. ನಮ್ಮವರ ಆಟಾನ ನೋಡಬೇಕು."

ಅವರ ಮುಖದಲ್ಲಿ ಆಗ ಕಂಡದ್ದನ್ನು ಮರೆಯಲಾರೆ. ಊರಿಂದ ಬರುವ ಗಾಡಿಗಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಮುಖವನ್ನು ನಾನು ದಿನವೂ ನೋಡುತ್ತೇನೆ. ಗಾಡಿ ಇನ್ನೂ ಕಾಣದೆ, ಹಳಿ ಮಾತ್ರ ಗುಂಯ್ ಎನ್ನುವಾಗಿನ ಮುಖ ಅದು.

ಆದರೆ ಒಂದು ತೊಡಕಿತ್ತು. ಫೈನಲ್ಲಿಗೆ ಬಂದದ್ದು ಮುಂಬಯಿಯ ತಂಡ. ಅವರ ಬಲ ಬ್ಯಾಕ್, ಅಂದರೆ ಗೋಲಿನ ಮುಂದೆ ಬಲಗಡೆ ಕಾಯುವವನು, ಗೋಡೆಯಂಥ ಆಳು. ಅವನು ಚೆಂಡಿನ ಮೇಲೆ ಎರಗುವ ಮೊದಲು ಎಡ ಮೊಣಕೈ ಮೇಲೇಳುತ್ತದೆ ಎಂದು ಈರಬಸಪ್ಪನವರು ಖಡಕಿಯಲ್ಲಿ ನಡೆದ ಇನ್ನೊಂದು ಸೆಮಿಫೈನಲ್ಲಿನಲ್ಲಿ ಕಂಡುಹಿಡಿದಿದ್ದರು. ಒಮ್ಮೆ ಎರಗಿದನೆಂದರೆ ಅವನಿಗೆ ತಿರುಗಲು ಬರುವುದಿಲ್ಲ. ಆದರೆ ಅದನ್ನು ಕಂಡದ್ದು ಎರಡೇ ಸಲ.

"ಎರಡು ಸಲದ್ದು ಅಳತಿ ಅಲ್ಲ, ಅಂದಾಜು," ಎಂದು ಅವರು ಎರಡು ದಿನ ಚಡಪಡಿಸಿದರು. ಕೊನೆಗೆ ಎಡ ಅಂಚಿನಲ್ಲಿ ಓಡುವ ವಿಂಗರ್ ದಿಗಂಬರನನ್ನು ಮೇಜಿನ ಹತ್ತಿರ ಕರೆದರು. "ಅವನ ಕಾಲ ನೋಡಬ್ಯಾಡ. ಮೊಣಕೈ ನೋಡು. ಎದ್ದಕೂಡ್ಲೆ ಚೆಂಡು ಅವನ ಬೆನ್ನ ಹಿಂದ ಬಿಡು, ಗೋಲ್ ಹೊಡ್ಯಾಕ ನಡುವಿಂದ ಪ್ರಲ್ಹಾದ ಓಡಿ ಬರ್ತಾನ."

"ಮೊಣಕೈ ಏಳದಿದ್ರ?"

"ಏಳದಿದ್ರ ನನ್ನ ಬೈಯಿ."

ಫೈನಲ್ಲಿನ ದಿನ ಚನ್ನಬಸವ್ವ ಗಂಡನ ಕೋಟಿಗೆ ಹೊಸ ಗುಂಡಿ ಹಚ್ಚಿ, ವಹಿಯನ್ನು ಕಸಿದಿಟ್ಟುಕೊಂಡು, "ಇವತ್ತ ಬರಿಯೂದಿಲ್ಲ, ನೋಡೂದು," ಎಂದು ಕಳಿಸಿದಳು. ಮೈದಾನದಲ್ಲಿ ಅಪ್ಪಾಸಾಹೇಬರು ಅವರಿಗೆ ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದರು. ನಾನು ಅದರ ಹಿಂದೆ, ನನ್ನ ಪದವಿಗೆ ತಕ್ಕಂತೆ, ಛತ್ರಿ ಹಿಡಿದು ನಿಂತಿದ್ದೆ. ಅರ್ಧ ಆಟ ಮುಗಿದರೂ ಗೋಲಿಲ್ಲ. ಆ ಬ್ಯಾಕ್ ಬುದ್ಧಿವಂತ, ಎರಗದೆ ಹಿಂದೆ ಹಿಂದೆ ಸರಿಯುತ್ತಿದ್ದ. ಈರಬಸಪ್ಪನವರು, "ಏಳವಲ್ದು," ಎಂದು ಗೊಣಗಿದರು. "ನಾ ಹುಡುಗಗ ಸುಳ್ಳ ಹೇಳಿದ್ನೇನೋ."

ಇನ್ನು ಆರೇ ನಿಮಿಷ ಉಳಿದಾಗ ದಿಗಂಬರ ಗೆರೆಯ ಗುಂಟ ಬಂದು, ಬ್ಯಾಕಿನ ಮುಂದೆ ಗಕ್ಕನೆ ನಿಂತ. ದಿಗಂಬರನ ಕಣ್ಣು ಚೆಂಡಿನ ಮೇಲಿರಲಿಲ್ಲ. ಮರುಕ್ಷಣ ಚೆಂಡು ಬ್ಯಾಕಿನ ಬೆನ್ನ ಹಿಂದಿತ್ತು, ಪ್ರಲ್ಹಾದ ಎಲ್ಲಿಂದಲೋ ಹಾರಿ ಬಂದಿದ್ದ, ಚೆಂಡು ನೆಲದಿಂದ ಗೇಣೆತ್ತರದಲ್ಲಿ ಹೋಗಿ ಬಲೆಯನ್ನು ಹಾಯಿಯಂತೆ ಉಬ್ಬಿಸಿತು. ನಾನು ಛತ್ರಿ ಗಾಳಿಗೆ ಬಿಟ್ಟು ಕುಣಿದೆ. ಅಪ್ಪಾಸಾಹೇಬರ ಪಗಡಿ ಯಾರದೋ ಕಾಲ್ಕೆಳಗೆ ಹೋಯಿತು.

ಗೆದ್ದೆವು. ಆ ಸಂಜೆ ಲಕಡಿ ಪುಲ್ಲಿನ ಮೇಲೆ ಸಾಯಕಲ್ಲುಗಳ ಜೊತೆ ನಾವೂ ನಡೆದು ಬಂದೆವು. ಗೋಲು ಹೇಗೆ ಹೋಯಿತೆಂದು ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ಈರಬಸಪ್ಪನವರು ಮಾತ್ರ ಎಂದಿನಂತೆ ಒಬ್ಬೊಬ್ಬರನ್ನೂ ತಡೆದು ಕೇಳುತ್ತಿದ್ದರು: ನೆಲಕ್ಕೆ ಹತ್ತಿ ಹೋಯಿತೋ, ಎದೆಮಟ್ಟವೋ? ಬಲೆ ಎಷ್ಟು ಉಬ್ಬಿತು?

ನನಗೆ ಅನುಮಾನ ಬಂತು. ಕೇಳಬಾರದಿತ್ತು. ಆದರೆ ಕೇಳಬಾರದ್ದನ್ನು ಕೇಳುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸ.

"ರೀ, ನೀವು ಅಲ್ಲೇ ಕುರ್ಚಿ ಮ್ಯಾಲೆ ಕೂತಿದ್ರಿ. ಖರೇ ಹೇಳ್ರಿ, ಗೋಲ್ ನೋಡಿದ್ರೋ ಇಲ್ಲೋ?"

"ಇಲ್ಲ," ಎಂದರು. "ಮೊಣಕೈ ನೋಡಾಕತ್ತಿದ್ದೆ. ಮೂರನೇ ಸಲ ಎದ್ದಿತು."