ಕೊಯ್ಲಿನ ಅಪ್ಪಣೆ

ದಿನವೂ ಬೆಳ್ಳಿಚುಕ್ಕಿ ಮಾಸುವ ಮೊದಲೇ ಮೊಸಿದಿ ಎದ್ದು ಬೂದಿ ಕೆದಕಿ, ಕೆಂಡ ಹುಡುಕಿ ಒಲೆ ಹೊತ್ತಿಸಬೇಕಿತ್ತು. ಮೂರು ದಿನ ಹುಳಿಯಿಟ್ಟ ಜೋಳದ ಹಿಟ್ಟನ್ನು ಅಂಬಲಿಗೆ ಕದಡಬೇಕಿತ್ತು. ಅತ್ತೆಯ ಊದಿದ ಮೊಣಕಾಲಿಗೆ ಕೊಬ್ಬು ಸವರಿ, ಅವಳನ್ನು ಬೇಲಿಯ ಹಿಂದಕ್ಕೆ ನಡೆಸಿಕೊಂಡು ಹೋಗಿ ಬರಬೇಕಿತ್ತು. ಹೊಳೆಯಿಂದ ಎರಡು ಕೊಡ ನೀರು. ಒರಳಿನಲ್ಲಿ ಎರಡು ಮೊರ ಜೋಳ. ಅಂಗಳ ಬಿರುಕು ಬಿಟ್ಟಲ್ಲಿ ಸೆಗಣಿಮಣ್ಣು ಸವರಬೇಕಿತ್ತು. ದನಗಳೇ ಹೋದ ಮೇಲೆ ಸೆಗಣಿಗೂ ಊರೆಲ್ಲ ಅಲೆಯಬೇಕು. ಯುದ್ಧ ಬಂದ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿತ್ತು: ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಗಂಡನ ಬಂದೂಕಿಗೆ ಗುಂಡು ಮಾಡುವುದು. ಯುದ್ಧ ಗಂಡಸರದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಒಲೆ ಮಾತ್ರ ಅವಳದ್ದು.

ಅವಳಿಗೆ ನಲವತ್ತರ ಹತ್ತಿರ. ಹೆತ್ತದ್ದು ನಾಲ್ಕು, ಉಳಿದದ್ದು ಒಂದು: ಹದಿನೈದರ ಹುಡುಗಿ ಸೆಗಾಮೆತ್ಸಿ. ಮದುವೆಯಾಗಿ ಬಂದ ವರ್ಷ ಅತ್ತೆ ಬಿಟ್ಟುಕೊಟ್ಟ ಹೊಲ ಊರಗೋಡೆಯ ಹೊರಗೆ, ಮೊಲೊಪೊ ಹೊಳೆಯ ದಂಡೆಯಲ್ಲಿತ್ತು. ಅಲ್ಲಿ ಇಪ್ಪತ್ತು ಬೆಳೆ ತೆಗೆದಿದ್ದಳು. ಆ ಜೋಳ ಕಣಜಕ್ಕೆ ಬಿದ್ದ ಮೇಲೆ ಅದರ ಮುಚ್ಚಳ ಅವಳು ಬಿಟ್ಟರೆ ಇನ್ನಾರೂ ತೆಗೆಯುವಂತಿಲ್ಲ, ಗಂಡ ಕೂಡ. ಆದರೆ ತೆನೆಗೆ ಕತ್ತಿ ಹಾಕುವ ದಿನವನ್ನು ಹೇಳುವವನು ದೊರೆ. ದೊರೆಯ ಕೊಂಬು ಊದದೆ ಯಾವಳಾದರೂ ಒಂದು ತೆನೆ ಮುರಿದರೂ ಮಳೆ ಮುನಿಯುತ್ತದೆ. ರೊಲೊಂಗ್ ಕುಲದ ಹೆಣ್ಣುಮಕ್ಕಳು ಹಾಲಿನ ಜೊತೆಗೇ ಕುಡಿದು ಬೆಳೆಯುವ ಮಾತು ಇದು.

ಹೊಳೆಯಾಚೆ ಗೋಶೆನ್ ಎಂಬ ಗಣರಾಜ್ಯ ಹುಟ್ಟಿ ಎರಡು ವರ್ಷವಾಗಿತ್ತು. ಪಕ್ಕದ ದೊರೆಯೊಬ್ಬನ ಜಗಳಕ್ಕೆ ಕೂಲಿಗೆ ಬಂದ ಬಿಳಿಯರು, ಕೂಲಿಯ ಬದಲು ನೆಲ ಬೇಕೆಂದು ಅಲ್ಲೇ ಕುಳಿತಿದ್ದರು. ಒಂದು ಬಾವುಟ, ಒಬ್ಬ ಅಧ್ಯಕ್ಷ, ಒಂದು ಮಣ್ಣಿನ ಕೋಟೆ. ನೆಲವನ್ನು ಚೀಟಿ ಎತ್ತಿ ಹಂಚಿಕೊಂಡಿದ್ದರು. ಮೊಸಿದಿಯ ಹೊಲವೂ ಯಾರದೋ ಚೀಟಿಯಲ್ಲಿತ್ತು. ಆ ರಾಜ್ಯ ಮೂರು ವರ್ಷವೂ ಬಾಳಲಿಲ್ಲ, ಒಂದು ಮೇಕೆಯ ಆಯುಸ್ಸೂ ಅದಕ್ಕಿರಲಿಲ್ಲ ಎಂದು ಈಗ ನಗಬಹುದು. ಆಗ ಯಾರೂ ನಗುತ್ತಿರಲಿಲ್ಲ. ಹೋದ ವರ್ಷ ಅವರು ಹಸಿ ಬೆಳೆಗೆ ಕುದುರೆ ಬಿಟ್ಟು ತುಳಿಸಿದರು, ಒಣಗಿದ್ದಕ್ಕೆ ಬೆಂಕಿಯಿಟ್ಟರು. ಈ ಬೇಸಿಗೆಯಲ್ಲಿ ಊರಿನ ದನ ಹೊಡೆದುಕೊಂಡು ಹೋದರು. ದೊಡ್ಡಿಗಳು ಮೌನವಾದವು. ಕಣಜಗಳ ತಳ ಕಾಣತೊಡಗಿತು. ಮೊಸಿದಿಯ ಕಣಜದಲ್ಲಿ ಇನ್ನು ಎಣಿಸಿದರೆ ಹದಿನೆಂಟು ದಿನದ ಜೋಳ ಇದ್ದೀತು. ಹೊಲದಲ್ಲಿ ನಿಂತ ತೆನೆ ಮನೆಗೆ ಬಂದರೆ ಈ ಮನೆ ಮುಂದಿನ ಮಳೆ ನೋಡುತ್ತದೆ. ಬಾರದಿದ್ದರೆ ಮೊದಲು ಅತ್ತೆ, ಆಮೇಲೆ ಯಾರೆಂದು ಅವಳು ಯೋಚಿಸಲು ಹೋಗುತ್ತಿರಲಿಲ್ಲ.

ವಿಚಿತ್ರವೆಂದರೆ ಈ ಸಲ ಅವರು ಹೊಲ ಮುಟ್ಟಲಿಲ್ಲ.

ದಿನವೂ ನಾಲ್ಕೈದು ಸವಾರರು ದಿಬ್ಬದ ಮೇಲೆ ಬಂದು ನಿಲ್ಲುತ್ತಿದ್ದರು. ಹಕ್ಕಿ ಓಡಿಸಲು ಹೋದ ಹೆಂಗಸರ ಮೇಲೆ ಒಂದು ಗುಂಡೂ ಹಾರಲಿಲ್ಲ. ಕೆಲವರು ಟೋಪಿ ಎತ್ತಿ ನಕ್ಕದ್ದೂ ಉಂಟು. ಸಂಧಾನದ ಕಾಗದ ಓಡಾಡುತ್ತಿದೆ, ಅದಕ್ಕೇ ಸುಮ್ಮನಿದ್ದಾರೆ ಎಂದು ಗಂಡಸರು ಸೇರುವ ಖೋಟ್ಲಾದಲ್ಲಿ ಮಾತಾಯಿತು. ಇಂಗ್ಲಿಷರ ರಾಣಿಯ ದಂಡು ದಕ್ಷಿಣದಿಂದ ಬರುತ್ತಿದೆಯಂತೆ, ಹೆದರಿದ್ದಾರೆ ಎಂದೂ ಆಯಿತು. ಮೊಸಿದಿಯ ಗಂಡ ಸೆಬೆಗೊ ಇದನ್ನೆಲ್ಲ ಮನೆಗೆ ತಂದು ಅಂಬಲಿಯ ಜೊತೆ ಹಂಚುತ್ತಿದ್ದ.

ಹೊಳೆಗೆ ಹೋದ ಒಂದು ಬೆಳಗ್ಗೆ ಅವಳಿಗೆ ಆಚೆ ದಾರಿಯಲ್ಲಿ ಬಂಡಿಗಳು ಕಂಡವು. ಹನ್ನೊಂದು ಎತ್ತಿನ ಬಂಡಿಗಳು ಕೋಟೆಯ ಕಡೆಗೆ ಸಾಗಿದ್ದವು. ಮೇಲ್ಹೊದಿಕೆ ಬಿಚ್ಚಿದ್ದರು. ಗಾಲಿಗಳು ಕಲ್ಲಿನ ಮೇಲೆ ಹಗುರಾಗಿ ಕುಣಿಯುತ್ತಿದ್ದವು. ತುಂಬಿದ ಬಂಡಿ ಹಾಗೆ ಕುಣಿಯುವುದಿಲ್ಲ. ಖಾಲಿ ಬಂಡಿಯನ್ನು ಯುದ್ಧಕ್ಕೆ ಯಾರು ತರುತ್ತಾರೆ?

ತುಂಬಿಕೊಂಡು ಹೋಗುವವರು ತರುತ್ತಾರೆ ಎಂದು ತಲೆಯ ಮೇಲಿನ ಕೊಡ ತಣ್ಣಗೆ ಹೇಳಿದಂತಾಯಿತು.

ಈ ಯುದ್ಧಕ್ಕೂ ಹಿಂದೆ, ಬರಗಾಲದ ಎರಡು ವರ್ಷ ಅವಳು ಹೊಳೆಯಾಚೆ ಮೊದಲೇ ನೆಲೆಸಿದ್ದ ಹೆಸ್ಟರ್ ಎಂಬ ಬಿಳಿ ಯಜಮಾನಿಯ ಅಡುಗೆಮನೆಯಲ್ಲಿ ದುಡಿದಿದ್ದಳು. ಆ ಮನೆಯವರು ಆಳು ಕೀಳಬಹುದಾದ ಕೋಳಿಪುಕ್ಕವನ್ನು ತಾವು ಕೀಳುತ್ತಿರಲಿಲ್ಲ. ಸೋಪು ಕಾಯಿಸುವುದು, ಮೇಣದಬತ್ತಿ ಹೊಯ್ಯುವುದು, ಮಗು ತೊಳೆಯುವುದು, ಎಲ್ಲ ಮೊಸಿದಿ ಮುಗಿಸಿದ ಮೇಲೆ ಯಜಮಾನಿ ಕೈ ಒರೆಸಿಕೊಂಡು ಬರುತ್ತಿದ್ದಳು. ನಿಮ್ಮ ದೊರೆ ಕೊಯ್ಲಿಗೆ ಕೊಂಬು ಊದುವುದು ಯಾವಾಗ, ಎಷ್ಟು ದಿನ ಕಣ ನಡೆಯುತ್ತೆ ಎಂದು ಒಮ್ಮೆ ಕೇಳಿದ್ದಳು. ಮೊಸಿದಿ ಹಿಟ್ಟು ನಾದುತ್ತಲೇ ಎಲ್ಲ ಹೇಳಿದ್ದಳು. ಮುಚ್ಚಿಡುವ ಮಾತೆಂದು ಅನ್ನಿಸಿರಲಿಲ್ಲ. ಅದು ಇಡೀ ಸೀಮೆಗೆ ಗೊತ್ತಿದ್ದದ್ದೇ.

ಸಂಜೆ ಅವಳು ಗಂಡನಿಗೆ ಹೇಳಿದಳು: "ಅವ್ರು ಬೆಳೆ ಸುಡಲ್ಲ. ನಮ್ಮ ಕೈಲಿ ಕೊಯ್ಸಿ, ಬಡಿಸಿ, ತೂರಿಸಿ, ಚೀಲಕ್ಕೆ ತುಂಬಿಸಿದ ಮೇಲೆ ಬರ್ತಾರೆ. ಎಲ್ಲಾ ಹೆಂಗಸ್ರು ಒಂದೇ ದಿನ ಕಣದಲ್ಲಿರ್ತೀವಿ ಅಂತ ಗೊತ್ತು ಅವ್ರಿಗೆ. ಜೋಳಾನೂ ಸಿಗುತ್ತೆ, ಹುಡುಗೀರೂ ಸಿಕ್ತಾರೆ."

ಸೆಬೆಗೊ ಕೆಟ್ಟವನಲ್ಲ. ಬಂದೂಕು ಒರೆಸುವುದನ್ನು ನಿಲ್ಲಿಸಿದ. "ನಿಂಗೆ ಇದನ್ನ ಯಾರು ಹೇಳಿದ್ರು?"

"ಖಾಲಿ ಬಂಡಿ ಹೇಳ್ತು. ಈಗಿಂದ್ಲೇ ದಿನಾ ಸ್ವಲ್ಪ ಸ್ವಲ್ಪ ಕೊಯ್ದು, ಸೌದೆ ಹೊರೆಯೊಳಗಿಟ್ಟು ತರ್ಬೇಕು. ಎಲ್ರೂ. ನೀನು ನಾಳೆ ಖೋಟ್ಲಾದಲ್ಲಿ ಹೇಳು."

ಅವನು ಹೇಳಿದ. ಖೋಟ್ಲಾದಲ್ಲಿ ಹೆಂಗಸರಿಗೆ ಮಾತಿಲ್ಲವಾದ್ದರಿಂದ ಅವನ ಬಾಯಲ್ಲಿ ಅದು ಎಷ್ಟು ಉಳಿಯಿತೋ ಅವಳಿಗೆ ತಿಳಿಯದು. ಉತ್ತರ ಮಾತ್ರ ಮಧ್ಯಾಹ್ನದ ಊಟಕ್ಕೆ ಬಂತು. ಸೆಬೆಗೊನ ಮನೇಲಿ ದಂಡನಾಯಕ ಒರಳು ಕುಟ್ಟುತ್ತಾನೆ ಎನ್ನುವ ಹಾಗೆ ಯಾರೋ ನಕ್ಕರಂತೆ. ಹಿರಿಯರು ನಗಲಿಲ್ಲ. ಕೊಂಬು ಊದುವ ದಿನ ನೂರು ಬಂದೂಕು ಹೊಲದ ಕಾವಲಿಗೆ ನಿಲ್ಲುತ್ತವೆ, ಅದಕ್ಕೆ ಮೊದಲು ಕತ್ತಿ ಹಾಕಿದವಳು ಊರಿನ ಮಳೆಯನ್ನು ಶತ್ರುವಿಗೆ ಕೊಟ್ಟ ಹಾಗೆ, ಅವಳಿಗೆ ಈ ಗೋಡೆಯೊಳಗೆ ಜಾಗವಿಲ್ಲ ಎಂದರು. ಕೊಂಬಿಗೆ ಇನ್ನು ಒಂಬತ್ತು ದಿನ.

ನೂರು ಬಂದೂಕು. ಗುಂಡು ಹೊಯ್ಯುವವಳು ಅವಳು. ಇಡೀ ಕೇರಿಯಲ್ಲಿ ಸೀಸ ಎಷ್ಟು ಉಳಿದಿದೆ ಎಂದು ಒಲೆ ಹಂಚಿಕೊಳ್ಳುವ ಹೆಂಗಸರಿಗೆ ಗೊತ್ತಿತ್ತು. ಒಂದೊಂದು ಬಂದೂಕಿಗೆ ಮೂರು ಗುಂಡು, ನಾಲ್ಕಿಲ್ಲ.

ಅತ್ತೆ ಗೋಡೆಗೊರಗಿ ಎಲ್ಲ ಕೇಳಿಸಿಕೊಂಡಿದ್ದಳು. ಸೆಬೆಗೊ ಹೊರಗೆ ಹೋದ ಮೇಲೆ ಕೇಳಿದಳು, "ಏನೇ, ಕತ್ತಿ ಮಸೀತಿದ್ದೀಯಾ?"

"ಸೊಪ್ಪು ಹೆಚ್ಚೋಕೆ."

"ಸೊಪ್ಪಿಗೆ ಈಪಾಟಿ ಹರಿತ ಬೇಡ ಕಣೆ." ಮುದುಕಿ ಮೊಣಕಾಲು ಒತ್ತಿಕೊಂಡಳು. "ನಮ್ಮಮ್ಮನ ಕಾಲದಲ್ಲಿ ಒಬ್ಬಳು ಕೊಂಬಿಗೆ ಮೊದ್ಲೇ ತೆನೆ ಮುರಿದ್ಲು. ಮಗೂಗೆ ಹಸಿವಿತ್ತು. ಅವಳ ಗುಡಿಸಲು ಸುಟ್ಟರು. ಆ ವರ್ಷ ಮಳೆ ಬಂತು, ಚೆನ್ನಾಗೇ ಬಂತು. ಆದ್ರೂ ಅವಳನ್ನ ಯಾರೂ ವಾಪಸ್ ಕರೀಲಿಲ್ಲ."

"ಮಳೆ ಬಂದಮೇಲೂ?"

"ಮಳೆ ಬಂದಮೇಲೆ ಇನ್ನೂ ಕೋಪ ಬಂತು ಅವ್ರಿಗೆ." ಸೊಸೆಯ ಕಡೆ ತಿರುಗಿ ಅಂದಳು, "ನಂಗೋಸ್ಕರ ಹೋಗ್ತೀನಿ ಅನ್ಬೇಡ. ನಂದು ಮುಗೀತು. ನನ್ನ ಹೆಸರು ಹೇಳ್ಬೇಡ."

ಸೆಗಾಮೆತ್ಸಿ ಬಾಗಿಲಲ್ಲಿ ಒರಳು ತೊಳೆಯುತ್ತಿದ್ದಳು. ಕೊಂಬಿನ ದಿನ ಹೊಸ ಮಣಿಸರ ಹಾಕಿಕೊಳ್ಳಲೇ ಎಂದು ಕೇಳಿದಳು. ಕಣದಲ್ಲಿ ಹುಡುಗಿಯರು ಸಿಂಗರಿಸಿಕೊಳ್ಳುವುದು ರೂಢಿ. ಮೊಸಿದಿ ಕತ್ತಿಯನ್ನು ಮತ್ತೆ ಕಲ್ಲಿಗೆ ಒತ್ತಿದಳು.

ಮರುದಿನ ಅವಳು ಎಂದಿನ ಕೆಲಸಗಳಲ್ಲಿ ಒಂದನ್ನೂ ಮಾಡಲಿಲ್ಲ. ಒಲೆ ಹೊತ್ತಿಸಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ಮನೆಯವರೆಲ್ಲ ತಣ್ಣನೆಯ ಬೂದಿಗೆ ಎದ್ದಾರು ಎಂಬ ನಾಚಿಕೆ ಹೊಲದವರೆಗೂ ಹಿಂದೆ ಬಂತು. ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ದಿಬ್ಬದ ಮೇಲೆ ಇನ್ನೂ ಯಾರೂ ಇರಲಿಲ್ಲ. ತೆನೆಗಳು ಕೆಂಪಾಗಿ, ಭಾರವಾಗಿ ತೂಗುತ್ತಿದ್ದವು.

ಹೊಲಕ್ಕೆ ಎರಡು ಅಂಚು. ಹೊಳೆಯ ಕಡೆಯದು ಜೊಂಡಿನ ಮರೆಯಲ್ಲಿತ್ತು. ಅಲ್ಲಿ ದಿನಕ್ಕೊಂದು ಹೊರೆಯಂತೆ ಕೊಯ್ದರೆ ಎಂಟು ದಿನದಲ್ಲಿ ತನ್ನ ಕಣಜ ಅರ್ಧ ತುಂಬುತ್ತದೆ. ಯಾರಿಗೂ ತಿಳಿಯುವುದಿಲ್ಲ. ಕೊಂಬಿನ ದಿನ ಮಗಳಿಗೆ ಜ್ವರವೆಂದು ಮನೆಯಲ್ಲಿ ಮಲಗಿಸಬಹುದು. ಉಳಿದವರು ಮಣಿಸರ ಹಾಕಿಕೊಂಡು ಕಣಕ್ಕೆ ಬರುತ್ತಾರೆ. ಇನ್ನೊಂದು ಅಂಚು ನೀರಿನ ದಾರಿಗೆ ಹೊಂದಿಕೊಂಡದ್ದು. ಸ್ವಲ್ಪ ಹೊತ್ತಿನಲ್ಲಿ ಊರಿನ ಹೆಂಗಸರೆಲ್ಲ ಕೊಡ ಹೊತ್ತು ಅದೇ ದಾರಿಯಲ್ಲಿ ಬರುವವರು. ಅಲ್ಲಿ ಕೊಯ್ದರೆ ಅವರು ನೋಡುತ್ತಾರೆ. ಕೆಲವರು ಉಗಿದು ಓಡಿಹೋಗಿ ಖೋಟ್ಲಾಕ್ಕೆ ಹೇಳುತ್ತಾರೆ. ಕೆಲವರು, ಯಾರಿಗೆ ಗೊತ್ತು, ಕೊಡ ಕೆಳಗಿಟ್ಟು ತಮ್ಮ ಹೊಲಕ್ಕೂ ಇಳಿದಾರು.

ಗೋಡೆಯ ಬಾಗಿಲ ಕಡೆ ಮಾತಿನ ಸದ್ದು ಕೇಳಿತು. ಮೊದಲ ಕೊಡಗಳು ಹೊರಬಿದ್ದವು. ಇನ್ನೂ ಮುಖ ಕಾಣುವಷ್ಟು ಬೆಳಕಿರಲಿಲ್ಲ. ಜೊಂಡಿನ ಮರೆಗೆ ಸರಿಯಲು ಸಮಯವಿತ್ತು.

ಮೊಸಿದಿ ನೀರಿನ ದಾರಿಯ ಅಂಚಿಗೆ ನಡೆದಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಎಲ್ಲರಿಗೂ ಕಾಣುವಂತೆ ದಾರಿಯ ನಡುವೆ ಹಾಸಿದಳು. ಮೊದಲ ತೆನೆಯನ್ನು ಎಡಗೈಯಲ್ಲಿ ಹಿಡಿದು ಬಗ್ಗಿಸಿ ಕತ್ತಿ ಹಾಕಿದಳು.